ಮಹೇಶ್ವರದ ಮಗ್ಗಗಳು

ಮಹೇಶ್ವರವೆಂದೊಡನೆ ನಮ್ಮ ಮನೆಗಳಲ್ಲಿ ಮೊದಲು ನೆನಪಿಗೆ ಬರುವುದು ಸೀರೆ. ಆ ಸೀರೆಯ ಹಿಂದೆ ಒಂದು ಊರಿದೆ, ಊರಿನ ಮುಂದೆ ನರ್ಮದೆಯಂಥ ನದಿ ಹರಿಯುತ್ತಿದೆ ಎಂಬುದು ಆಮೇಲಿನ ಮಾತು. ಹೆಂಗಸರು ಸೀರೆಗೆಂದು ಹೊರಟರೆ ಗಂಡಸರು ಕೋಟೆಯನ್ನೂ ದೇವಾಲಯವನ್ನೂ ನೋಡುವ ನೆಪ ಹೇಳಿ ಹಿಂಬಾಲಿಸುವುದು ವಾಡಿಕೆ. ನಮ್ಮ ಪ್ರಯಾಣವೂ ಆ ವಾಡಿಕೆಗೆ ಹೊರತಾಗಿರಲಿಲ್ಲ. ಆದರೆ ಎರಡು ದಿನಗಳಿಗೆಂದು ಹೋದವರು ಐದು ದಿನ ಉಳಿದೆವು. ಇಷ್ಟು ಚಿಕ್ಕದೊಂದು ಊರು ಎರಡೂವರೆ ಶತಮಾನಗಳಿಂದ ಏನನ್ನು ಮಾರಿ ಹೊಟ್ಟೆ ಹೊರೆಯುತ್ತ ಬಂದಿದೆ, ಆ ಗಳಿಕೆ ಯಾರ ಕೈ ಸೇರುತ್ತದೆ ಎಂಬ ಕುತೂಹಲ ನಮ್ಮನ್ನು ಅಲ್ಲಿ ಹಿಡಿದು ನಿಲ್ಲಿಸಿತು.

ಇಂದೂರಿನಿಂದ ಮಹೇಶ್ವರಕ್ಕೆ ಸುಮಾರು 90 ಕಿಲೋಮೀಟರು. ಊರಿಗೆ ರೈಲಿಲ್ಲ. ಮಾಳವದ ಪ್ರಸ್ಥಭೂಮಿಯಿಂದ ವಿಂಧ್ಯದ ಘಾಟಿಯನ್ನಿಳಿದು, ಆಗ್ರಾ–ಮುಂಬಯಿ ಹೆದ್ದಾರಿಯನ್ನು ಧಾಮನೋದಿನಲ್ಲಿ ಬಿಟ್ಟು ಪೂರ್ವಕ್ಕೆ ತಿರುಗಬೇಕು. ಘಾಟಿಯ ಮೇಲೆ ಮೈಗೆ ಹಿತವಾಗಿದ್ದ ಗಾಳಿ ಕೆಳಗಿಳಿಯುತ್ತಿದ್ದಂತೆ ಬಿಸಿಯಾಗುತ್ತದೆ. ಇದು ನಿಮಾಡ ಪ್ರಾಂತ. ಒಂದು ಮಗ್ಗುಲಲ್ಲಿ ವಿಂಧ್ಯ, ಇನ್ನೊಂದು ಮಗ್ಗುಲಲ್ಲಿ ಸಾತ್ಪುಡ, ನಡುವೆ ನರ್ಮದೆ. ಹತ್ತಿ ಮೆಣಸಿನಕಾಯಿಗಳ ಸೀಮೆ. ಬೇಸಗೆಯಲ್ಲಿ ಇಲ್ಲಿಯ ಬಿಸಿಲು ನಮ್ಮ ರಾಯಚೂರಿನವರನ್ನೂ ಬೆವರಿಳಿಸಬಲ್ಲುದು. ಬಸ್ಸು ನಿಲ್ಲುವ ಪೇಟೆಯ ಬೀದಿಯಲ್ಲಿ ವಿಶೇಷವೇನೂ ಇಲ್ಲ. ಅವಲಕ್ಕಿ ಜಿಲೇಬಿಗಳ ಅಂಗಡಿ, ಬಿತ್ತನೆ ಬೀಜದ ಅಂಗಡಿ, ಮೊಬೈಲ್ ರಿಪೇರಿಯ ಅಂಗಡಿ. ಕೋಟೆಯ ಬಾಗಿಲನ್ನು ದಾಟಿ, ಎತ್ತರವಾದ ಕಮಾನಿನ ಕೆಳಗೆ ಕಲ್ಲಿನ ಮೆಟ್ಟಲುಗಳನ್ನಿಳಿಯತೊಡಗಿದ ಮೇಲೆಯೇ ಮಹೇಶ್ವರ ಆರಂಭವಾಗುವುದು. ಒಮ್ಮೆಲೇ ಎದುರಿಗೆ ನದಿ. ಉದ್ದಕ್ಕೂ ಹಾಸಿದ ಕಲ್ಲಿನ ಘಟ್ಟಗಳು, ಅವುಗಳ ಮೇಲೆ ನೂರಾರು ಚಿಕ್ಕ ಶಿವಲಿಂಗಗಳು, ಹಿಂದಕ್ಕೆ ತಿರುಗಿದರೆ ಬಂಡೆಯಿಂದಲೇ ಬೆಳೆದಂತೆ ಕಾಣುವ ಕೋಟೆಯ ಗೋಡೆ.

ಊರಿನವರು ತಮ್ಮದು ಪುರಾಣದ ಮಾಹಿಷ್ಮತಿ ಎನ್ನುತ್ತಾರೆ. ಸಾವಿರ ತೋಳುಗಳಿಂದ ನರ್ಮದೆಯ ಹರಿವನ್ನೇ ತಡೆದ ಕಾರ್ತವೀರ್ಯಾರ್ಜುನನ ರಾಜಧಾನಿ ಇದೇ ಎಂಬುದು ಅವರ ನಂಬಿಕೆ. ಊರಿನಿಂದ ಕೆಲವು ಕಿಲೋಮೀಟರು ಕೆಳಗೆ ನದಿ ಬಂಡೆಗಳ ನಡುವೆ ಕವಲು ಕವಲಾಗಿ ಒಡೆದು ಹರಿಯುವ ಸಹಸ್ರಧಾರೆಯನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. ಆ ರಭಸದ ನೀರಿನಲ್ಲಿ 2023ರಲ್ಲಿ ಖೇಲೋ ಇಂಡಿಯಾ ಕ್ರೀಡಾಕೂಟದ ದೋಣಿ ಸ್ಪರ್ಧೆಗಳು ನಡೆದುವು. ಕಾರ್ತವೀರ್ಯನಿಗೆ ಇದು ಸಂತೋಷ ತಂದಿರಬಹುದು. ಮಾಹಿಷ್ಮತಿ ಎಲ್ಲಿತ್ತೆಂಬ ವಿಷಯದಲ್ಲಿ ವಿದ್ವಾಂಸರ ವಾದ ಮುಗಿದಿಲ್ಲ. ನಮ್ಮ ಮೈಸೂರಿನ ಹೆಸರನ್ನೂ ಆ ಚರ್ಚೆಗೆ ಎಳೆತಂದವರುಂಟು. ಸಿನಿಮಾದಲ್ಲಿ ಮಾಹಿಷ್ಮತಿಯನ್ನು ಕಂಡ ಮಕ್ಕಳಿಗೆ ಇಲ್ಲಿಯ ಕೋಟೆ ತೀರ ಚಿಕ್ಕದೆನಿಸಿತು.

ಕನ್ನಡಿಗರಿಗೆ ಇಲ್ಲಿ ಒಂದು ಸ್ವಂತ ನೆಂಟಸ್ತಿಕೆಯಿದೆ. ಶಂಕರರಿಗೂ ಮಂಡನಮಿಶ್ರರಿಗೂ ನಡೆದ ವಾದ, ಅದಕ್ಕೆ ಮಂಡನರ ಪತ್ನಿ ಉಭಯಭಾರತಿಯೇ ನಿರ್ಣಾಯಕಿಯಾಗಿ ಕುಳಿತದ್ದು, ಸೋತ ಮಂಡನರು ಸುರೇಶ್ವರಾಚಾರ್ಯರೆನಿಸಿ ಶೃಂಗೇರಿಯ ಪೀಠವನ್ನೇರಿದ್ದು, ಆ ಭಾರತಿಯೇ ಶಾರದೆಯಾಗಿ ತುಂಗಾತೀರದಲ್ಲಿ ನೆಲೆಸಿದ್ದು: ಇದು ನಮಗೆ ಅಜ್ಜಿಯರಿಂದ ಬಂದ ಕಥೆ. ಆ ವಾದ ನಡೆದ ಸ್ಥಳ ಮಾಹಿಷ್ಮತಿ ಎಂದು ಸಂಪ್ರದಾಯ ಹೇಳುತ್ತದೆ. ಎಂಟು ಕಿಲೋಮೀಟರಿನಷ್ಟು ದೂರದ ಮಂಡಲೇಶ್ವರದವರು ವಾದ ನಡೆದದ್ದು ತಮ್ಮ ಗುಪ್ತೇಶ್ವರ ದೇವಾಲಯದಲ್ಲೆಂದು ಹಕ್ಕು ಸಾಧಿಸುತ್ತಾರೆ; ದೂರದ ಬಿಹಾರದಲ್ಲೂ ಅದಕ್ಕೆ ವಾರಸುದಾರರಿದ್ದಾರೆ. ಶೃಂಗೇರಿಯ ಕಡೆಯಿಂದ ಬಂದವರೆಂದು ತಿಳಿದೊಡನೆ ಘಟ್ಟದ ಪುರೋಹಿತರೊಬ್ಬರು ನಮ್ಮನ್ನು ಬೀಗರಂತೆ ಆದರಿಸಿದರು. ದಕ್ಷಿಣೆಯ ಮಾತು ಬಂದಾಗಲೂ ಬೀಗರಂತೆಯೇ ವರ್ತಿಸಿದರೆನ್ನಬೇಕು.

ಪುರಾಣವನ್ನು ಬದಿಗಿಟ್ಟರೂ ಊರಿನ ವಯಸ್ಸು ಕಡಿಮೆಯಾಗದು. ಎದುರು ದಂಡೆಯ ನಾವಡಾತೋಲಿಯಲ್ಲಿ 1952–53ರಲ್ಲೂ, ಮತ್ತೆ 1957–59ರಲ್ಲೂ ಪುಣೆಯ ಡೆಕ್ಕನ್ ಕಾಲೇಜಿನ ಎಚ್. ಡಿ. ಸಾಂಕಳಿಯಾ ಮತ್ತು ಅವರ ಸಂಗಡಿಗರು ಅಗೆದಾಗ, ಮೂರೂವರೆ ಸಾವಿರ ವರ್ಷಗಳಷ್ಟು ಹಿಂದಿನ ಬೇಸಾಯಗಾರರ ಮನೆಗಳ ಗುರುತುಗಳು, ಚಿತ್ರ ಬರೆದ ಮಡಕೆಗಳು, ಸುಟ್ಟು ಕರಿಕಾದ ಧಾನ್ಯ ದೊರೆತುವು. ಅಂದರೆ ಈ ದಂಡೆಯ ಮೇಲೆ ಜನ ಸಂಸಾರ ಹೂಡಿ ಬಹಳ ಕಾಲವಾಯಿತು.

ಇಂದಿನ ಮಹೇಶ್ವರವನ್ನು ಕಟ್ಟಿದವಳು ಮಾತ್ರ ಒಬ್ಬ ವಿಧವೆ. ಅಹಲ್ಯಾಬಾಯಿ ಹೋಳ್ಕರ್ 1725ರಲ್ಲಿ ಮಹಾರಾಷ್ಟ್ರದ ಚೌಂಡಿ ಎಂಬ ಹಳ್ಳಿಯಲ್ಲಿ ಹುಟ್ಟಿದಳು. ಗಂಡ ಖಂಡೇರಾಯ 1754ರಲ್ಲಿ ಕುಂಭೇರಿಯ ಮುತ್ತಿಗೆಯಲ್ಲಿ ಮಡಿದ. ಮಾವ ಮಲ್ಹಾರರಾಯ 1766ರಲ್ಲಿ, ಒಬ್ಬನೇ ಮಗ ಮಾಲೇರಾಯ 1767ರಲ್ಲಿ ತೀರಿಕೊಂಡರು. ಆಕೆ ಆಡಳಿತ ವಹಿಸಿಕೊಂಡು, ಇಂದೂರನ್ನು ಬಿಟ್ಟು ನದೀತೀರದ ಈ ಊರನ್ನು ರಾಜಧಾನಿಯಾಗಿ ಆರಿಸಿದಳು. 1795ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿಂದಲೇ ಆಳಿದಳು. ಕಾಶಿಯ ವಿಶ್ವನಾಥ ದೇವಾಲಯವನ್ನು 1780ರಲ್ಲಿ ಮತ್ತೆ ಕಟ್ಟಿಸಿದವಳು ಇವಳೇ. ಆದರೆ ಆಕೆಯ ರಾಜವಾಡೆಯನ್ನು ಅರಮನೆಯೆಂದು ಕರೆಯಲು ನಾಲಿಗೆ ಹಿಂಜರಿಯುತ್ತದೆ. ಮರದ ಕಂಬಗಳ ತೊಟ್ಟಿಮನೆ. ಜಗಲಿಯಲ್ಲಿ ಬಿಳಿಯ ಹಾಸಿನ ಗಾದಿ. ನಮ್ಮ ಕಡೆಯ ಶ್ಯಾನುಭೋಗರ ಮನೆ ಇದಕ್ಕಿಂತ ಆಡಂಬರವಾಗಿರುತ್ತಿತ್ತು ಎಂದರೆ ತಪ್ಪಾಗದು. ಇಲ್ಲಿಯ ಬ್ರಾಹ್ಮಣರು ದಿನವೂ ಹೊಳೆಯ ಜೇಡಿಯಿಂದ ಬೆರಳುಗಾತ್ರದ ಸಾವಿರಾರು ಲಿಂಗಗಳನ್ನು ಮಾಡಿ, ಪೂಜಿಸಿ, ಮರಳಿ ನರ್ಮದೆಗೇ ಬಿಡುವ ಪದ್ಧತಿ ಅವಳ ಕಾಲದಿಂದ ಬಂದದ್ದು.

ದೇವಾಲಯ ಕಟ್ಟಿಸಿದ ಅಹಲ್ಯೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಆಕೆಯ ವ್ಯವಹಾರಬುದ್ಧಿ. ಯಾತ್ರಿಕರನ್ನೇ ನಂಬಿದ ಊರಿಗೆ ಪರ್ವಕಾಲದಲ್ಲಿ ಹಬ್ಬ, ಉಳಿದ ದಿನಗಳಲ್ಲಿ ಉಪವಾಸ. ಆಕೆ ಬುರ್ಹಾನಪುರ, ಸೂರತ್ತು ಮುಂತಾದ ಕಡೆಗಳಿಂದ ನೇಕಾರರನ್ನು ಕರೆಸಿ ನೆಲೆಗೊಳಿಸಿದಳೆಂದು ಹೇಳುತ್ತಾರೆ. ದರ್ಬಾರಿಗೆ ಬಂದ ಅತಿಥಿಗಳಿಗೆ ಉಡುಗೊರೆಯಾಗಿ ಸಲ್ಲುತ್ತಿದ್ದುದು ಇವರು ನೇಯ್ದ ಪಾಗು, ಸೀರೆಗಳು. ರಾಜ್ಯವೇ ಗಿರಾಕಿಯಾಗಿ ನಿಂತು ಒಂದು ಕಸುಬನ್ನು ಬೆಳೆಸಿತು. ಹೀಗೆ ಊರಿಗೆ ಎರಡು ಅನ್ನದ ದಾರಿಗಳಾದುವು: ಕೆಳಗೆ ಸ್ನಾನಘಟ್ಟ, ಮೇಲೆ ಮಗ್ಗ. ಘಟ್ಟ ಜನರನ್ನು ಕರೆತರುತ್ತದೆ. ಮಗ್ಗ ಕೂಲಿಯನ್ನು ಹುಟ್ಟಿಸುತ್ತದೆ.

ಆ ಏರ್ಪಾಡು ಬಹಳ ಕಾಲ ನಿಲ್ಲಲಿಲ್ಲ. 1817ರ ಡಿಸೆಂಬರಿನಲ್ಲಿ ಮಹಿದಪುರದ ಯುದ್ಧದಲ್ಲಿ ಹೋಳ್ಕರರು ಆಂಗ್ಲರಿಗೆ ಸೋತರು. 1818ರ ಮಂದಸೌರ ಒಪ್ಪಂದದ ಅನಂತರ ರಾಜಧಾನಿ ಇಂದೂರಿಗೆ ಹೋಯಿತು. ದೊಡ್ಡ ಗಿರಾಕಿಯೇ ಊರು ಬಿಟ್ಟುಹೋದ ಮೇಲೆ ನೇಕಾರನ ಗತಿ ಏನು? ಮಗ್ಗಗಳು ನಿಂತುಹೋಗಲಿಲ್ಲ, ಆದರೆ ಬಡವಾದುವು.

ಮಹೇಶ್ವರಿ ಸೀರೆಯ ಗುಣವೇನೆಂದು ಕೇಳುವವರಿಗೆ ಎರಡು ಮಾತು. ಮೊದಲು ಬರೀ ಹತ್ತಿಯದಾಗಿದ್ದುದು ಕ್ರಮೇಣ ಗರ್ಭರೇಶ್ಮಿ ಎನಿಸಿತು. ಎಂದರೆ ರೇಷ್ಮೆಯ ಹಾಸು, ಹತ್ತಿಯ ಹೊಕ್ಕು. ಇದರಿಂದ ಹೊಳಪೂ ಉಂಟು, ಬಿಸಿಲಿಗೆ ತಂಪೂ ಉಂಟು. ತೂಕ ಮಾತ್ರ ಹೂವಿನಷ್ಟು. ಒಡಲು ಸಾಮಾನ್ಯವಾಗಿ ಬಯಲು, ಇಲ್ಲವೆ ಸಣ್ಣ ಚೌಕಳಿ ಅಥವಾ ಗೀಟು. ಸೆರಗಿನಲ್ಲಿ ಐದು ಪಟ್ಟೆ, ಮೂರು ಬಣ್ಣದವು, ಎರಡು ಬಿಳಿಯವು. ಅಂಚು ಎರಡು ಬದಿಗೂ ಒಂದೇ ಸಮನಾಗಿರುವುದರಿಂದ ಸೀರೆಯನ್ನು ತಿರುಗಿಸಿಯೂ ಉಡಬಹುದು. ಅಂಚಿನ ಚಿತ್ತಾರಕ್ಕೆ ನೇಕಾರರು ದೂರ ಹೋಗಲಿಲ್ಲ. ಕೋಟೆಯ ಗೋಡೆಯ ಇಟ್ಟಿಗೆ, ಚಾಪೆಯ ಹೆಣಿಗೆ, ವಜ್ರದ ಮೂಲೆ, ಮಲ್ಲಿಗೆಯ ಹೂವು, ನದಿಯ ಅಲೆ, ಎಲ್ಲವೂ ಘಟ್ಟದ ಮೆಟ್ಟಲಿನ ಮೇಲೆ ಕುಳಿತರೆ ಕಣ್ಣಿಗೆ ಬೀಳುವಂಥವೇ. ಬಣ್ಣಗಳ ಹೆಸರುಗಳೂ ಚೆಲುವಾದುವು: ಅಂಗೂರಿ, ದಾಳಿಂಬಿ, ಗುಲ್‌ಬಕ್ಷಿ, ಜಾಮಲಾ. ಇಳಕಲ್ಲಿನ ಸೀರೆಯುಟ್ಟು ಬೆಳೆದ ನಮ್ಮ ಉತ್ತರ ಕರ್ನಾಟಕದ ತಾಯಂದಿರು ಇಲ್ಲಿಯ ಹಳೆಯ ನಮೂನೆಗಳಲ್ಲಿ ‘ಚಂದ್ರಕಲಾ’ ಎಂಬ ಹೆಸರನ್ನು ಕೇಳಿದರೆ ತಮ್ಮ ಚಂದ್ರಕಾಳಿಯನ್ನು ನೆನೆಯದಿರಲಾರರು.

ಎರಡನೆಯ ದಿನ ಬೆಳಿಗ್ಗೆ ನಾವು ನೇಕಾರರ ಕೇರಿಗೆ ಹೋದೆವು. ಅದಕ್ಕೆ ದಾರಿ ಕೇಳಬೇಕಾಗಿಲ್ಲ. ಸದ್ದನ್ನು ಹಿಡಿದು ನಡೆದರೆ ಸಾಕು. ಹೆಚ್ಚಿನವರು ಅನ್ಸಾರಿಗಳು, ಮಾರು, ಸಾಳವಿ, ಕೋಳಿ ಮನೆತನಗಳೂ ಉಂಟು. ಶಿವನ ಊರಿನ ಸೀರೆಯನ್ನು ಬಹುಪಾಲು ಮುಸಲ್ಮಾನರು ನೇಯುತ್ತಾರೆಂಬುದು ಅಲ್ಲಿ ಯಾರಿಗೂ ವಿಶೇಷವಾಗಿ ತೋರುವುದಿಲ್ಲ. ಒಂದು ಮನೆಯ ಮುಂಗೋಣೆಯನ್ನು ಮಗ್ಗವೇ ಆಕ್ರಮಿಸಿತ್ತು. ಮಗ್ಗದ ಕಾಲಿನ ಬಳಿ ಮಗುವಿನ ತೊಟ್ಟಿಲು, ಮೂಲೆಯಲ್ಲಿ ಅನಿಲದ ಒಲೆ. ಗಂಡ ನೇಯುತ್ತಾನೆ, ಹೆಂಡತಿ ಲಾಳಿಗೆ ಕಂಡಿಕೆ ಸುತ್ತುತ್ತಾಳೆ; ಮಧ್ಯಾಹ್ನ ಅವನು ಹೊರಗೆ ಹೋದಾಗ ಅವಳೇ ಮಗ್ಗಕ್ಕೆ ಕೂರುತ್ತಾಳೆ. ಸರಳವಾದ ಸೀರೆಗೆ ಎರಡು ಮೂರು ದಿನ, ಅಂಚು ಸೆರಗುಗಳಲ್ಲಿ ಜರಿಯ ಕೆಲಸ ಹೆಚ್ಚಾದರೆ ವಾರಕ್ಕೂ ಮೀರುತ್ತದೆ. ನೂಲಿಗೆ ಬಣ್ಣ ಕಟ್ಟುವುದು, ಹಾಸು ಸುತ್ತುವುದು, ಹಳೆಯ ಹಾಸಿನ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದು, ಈ ಕೆಲಸಗಳೆಲ್ಲ ಲೆಕ್ಕಕ್ಕೆ ಸಿಕ್ಕದೆ ಹೋಗುತ್ತವೆ.

ನೂಲು ಎಲ್ಲಿಂದ ಬರುತ್ತದೆಂದು ಕೇಳಿದೆ. ರೇಷ್ಮೆ ಬೆಂಗಳೂರಿನಿಂದ, ಹತ್ತಿಯ ನೂಲು ಕೊಯಮತ್ತೂರಿನಿಂದ, ಜರಿ ಸೂರತ್ತಿನಿಂದ. ನಮ್ಮ ರಾಮನಗರ ಶಿಡ್ಲಘಟ್ಟಗಳ ಗೂಡು ಹೀಗೆ ನರ್ಮದೆಯ ದಂಡೆಗೆ ಬಂದು ಸೀರೆಯಾಗಿ, ಬೆಂಗಳೂರಿನ ಅಂಗಡಿಗೆ ಮರಳಿ ಬರುವುದುಂಟು ಎಂದು ಮನೆಯವರು ಹಿಗ್ಗಿದರು. ನನಗೆ ಹೆಚ್ಚು ಆಶ್ಚರ್ಯವಾದದ್ದು ಹತ್ತಿಯ ಸಂಗತಿ. ಈ ಖರಗೋನ ಜಿಲ್ಲೆ ಮಧ್ಯಪ್ರದೇಶದ ದೊಡ್ಡ ಹತ್ತಿಯ ಸೀಮೆ. ಸುಗ್ಗಿಯಲ್ಲಿ ಹೆದ್ದಾರಿಯ ಉದ್ದಕ್ಕೂ ಹತ್ತಿ ತುಂಬಿದ ಬಂಡಿಗಳು. ಆದರೂ ಮಹೇಶ್ವರದ ನೇಕಾರನಿಗೆ ಬೇಕಾದ ನಯವಾದ ನೂಲು ಸಾವಿರ ಮೈಲಿಯಷ್ಟು ದೂರದಿಂದ ಬರಬೇಕು! ನೂಲಿನ ದರ ಏರಿದರೆ ಆ ಸುದ್ದಿ ಕೂಡಲೇ ಬರುತ್ತದೆ, ಇಳಿದರೆ ನಿಧಾನವಾಗಿ ಬರುತ್ತದೆ ಎಂದು ಅಲ್ಲಿದ್ದ ವೃದ್ಧರೊಬ್ಬರು ನಕ್ಕರು.

ಊರಿನ ವ್ಯಾಪಾರದ ಗಂಟು ಇರುವುದು ಇಲ್ಲಿಯೇ. ಒಂದು ಹಾಸಿಗೆ ಬೇಕಾದ ರೇಷ್ಮೆಯನ್ನು ಕೈಯಿಂದ ಹಣ ಹಾಕಿ ಕೊಳ್ಳುವ ಶಕ್ತಿ ಬಹುಮಂದಿ ನೇಕಾರರಿಗಿಲ್ಲ. ದೊಡ್ಡ ನೇಕಾರನೋ ವ್ಯಾಪಾರಿಯೋ ನೂಲು ಕೊಡುತ್ತಾನೆ, ನಮೂನೆ ಕೊಡುತ್ತಾನೆ, ಸೀರೆಯೊಂದಕ್ಕೆ ಇಷ್ಟೆಂದು ಕೂಲಿ ಕೊಡುತ್ತಾನೆ. ಮದುವೆಗೋ ಕಾಯಿಲೆಗೋ ಮುಂಗಡವನ್ನೂ ಕೊಡುತ್ತಾನೆ. ಮುಂಗಡ ತೀರುವವರೆಗೆ ಬೇರೊಬ್ಬನಿಗೆ ನೇಯುವಂತಿಲ್ಲ. ಇದನ್ನು ಕೇಳಿ ಒಡನೆಯೇ ವ್ಯಾಪಾರಿಯನ್ನು ಖಳನಾಗಿ ಚಿತ್ರಿಸುವುದು ಸುಲಭ. ಆದರೆ ಮಾಲು ಮಾರಾಟವಾಗದೆ ಕಪಾಟಿನಲ್ಲಿ ಕುಳಿತರೆ ನಷ್ಟ ಅವನದೇ. 2020ರಲ್ಲಿ ಸಾಂಕ್ರಾಮಿಕದಿಂದ ಅಂಗಡಿಗಳು ಮುಚ್ಚಿದಾಗ ದೊಡ್ಡವರ ಬಂಡವಾಳ ಸೀರೆಯ ರೂಪದಲ್ಲಿ ಸಿಕ್ಕಿಬಿತ್ತು, ಚಿಕ್ಕವರ ಮಗ್ಗ ನಿಂತಿತು. ಕಷ್ಟ ಎರಡೂ ಕಡೆಗೆ ಇತ್ತು. ತಡೆದುಕೊಳ್ಳುವ ಶಕ್ತಿ ಮಾತ್ರ ಒಂದೇ ಕಡೆಗೆ.

ಇದರ ಮೇಲೆ ವಿದ್ಯುತ್ ಮಗ್ಗದ ಪೈಪೋಟಿ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲೇ ಆಗಿದೆ. ಮಹೇಶ್ವರಿಗೆ ಭೌಗೋಳಿಕ ಗುರುತೂ ದೊರೆತಿದೆ. ಕಾಯಿದೆಯ ಪುಸ್ತಕ ಕಪಾಟಿನಲ್ಲಿರುತ್ತದೆ, ನಕಲು ಸೀರೆ ಅಂಗಡಿಯ ಗಾಜಿನಲ್ಲಿರುತ್ತದೆ. ಮನೆಯಲ್ಲಿ ಕೂತು ದಂಪತಿಗಳು ಮೂರು ದಿನ ನೇಯ್ದುದರ ಹೋಲಿಕೆಯದನ್ನು ಯಂತ್ರ ಗಂಟೆಗಳಲ್ಲಿ ಇಳಿಸುತ್ತದೆ. ದೂರದಿಂದ ನೋಡಿದರೆ ಎರಡಕ್ಕೂ ಅಷ್ಟೇನೂ ಭೇದ ಕಾಣದು. ಸೀರೆಯ ಕೀರ್ತಿ ಹೆಚ್ಚಿದಷ್ಟೂ ನಕಲಿಗೆ ಲಾಭ.

ಕಸುಬು ಇಷ್ಟಾದರೂ ಉಳಿದದ್ದಕ್ಕೆ 1979ರಲ್ಲಿ ನಡೆದ ಒಂದು ಪ್ರಯತ್ನ ಮುಖ್ಯ ಕಾರಣವೆಂದು ಊರೆಲ್ಲ ಒಪ್ಪುತ್ತದೆ. ಕೊನೆಯ ಮಹಾರಾಜನ ಮಗ ರಿಚರ್ಡ್ ಹೋಳ್ಕರ್ ಹಾಗೂ ಅವರ ಪತ್ನಿ ಸ್ಯಾಲಿ ಹೋಳ್ಕರ್ ಆಗ ‘ರೇವಾ ಸೊಸೈಟಿ’ಯನ್ನು ಸ್ಥಾಪಿಸಿದರು, ರೇವಾ ಎಂದರೆ ನರ್ಮದೆಯೇ. ಹೆಂಗಸರಿಗೆ ನೇಯ್ಗೆ ಕಲಿಸಿ, ಮಗ್ಗ ಕೊಟ್ಟು, ದೆಹಲಿ ಮುಂಬಯಿಗಳ ಗಿರಾಕಿಗಳಿಗೆ ಒಪ್ಪುವ ಬಣ್ಣಗಳನ್ನು ತಂದು, ಮಾಲನ್ನು ನೇರವಾಗಿ ಮಾರುವ ಸಾಹಸ ಅದು. ಕಂಡಿಕೆ ಸುತ್ತುವುದಕ್ಕಷ್ಟೇ ಇದ್ದ ಹೆಣ್ಣು ತನ್ನ ಹೆಸರಿನಲ್ಲಿ ಕೂಲಿ ಪಡೆಯುವಂತಾದಳು. ಆಮೇಲೆ ಸ್ಯಾಲಿ ಹೋಳ್ಕರ್ ಆರಂಭಿಸಿದ ‘ವಿಮೆನ್‌ವೀವ್’ ಸಂಸ್ಥೆ ಇಲ್ಲಿಯ ಹತ್ತಿಯನ್ನೇ ಇಲ್ಲಿಯೇ ನೂತು ಖಾದಿ ಮಾಡುವ ‘ಗುಡಿಮುಡಿ’ ಎಂಬ ಕೆಲಸವನ್ನು ಕೈಗೊಂಡಿತು. ತರುಣ ನೇಕಾರರಿಗೆ ನಮೂನೆ, ಲೆಕ್ಕ, ಇಂಗ್ಲಿಷುಗಳನ್ನು ಕಲಿಸುವ ಶಾಲೆಯನ್ನೂ ತೆರೆಯಿತು. ಕೋಟೆಯ ಒಂದು ಭಾಗ ಈಗ ಹೋಟೆಲು. ಅಲ್ಲಿಯ ಕೋಣೆಯ ಬಾಡಿಗೆಯನ್ನು ಕೇಳಿ ನಾವು ಘಟ್ಟದ ಸಮೀಪದ ವಸತಿಗೃಹವೇ ಗಾಳಿಗೆ ಒಳ್ಳೆಯದೆಂದು ತೀರ್ಮಾನಿಸಿದೆವು.

ಘಟ್ಟದ ವ್ಯಾಪಾರದ ಬಗೆ ಬೇರೆ. ಬೆಳಗಿನ ಜಾವ ಅದು ಸಂಪೂರ್ಣವಾಗಿ ನದಿಯದು. ನರ್ಮದಾ ಪರಿಕ್ರಮದ ಯಾತ್ರಿಕರು ಬಿಳಿಬಟ್ಟೆ, ಕೈಯಲ್ಲೊಂದು ಕೋಲು, ಕಮಂಡಲಗಳೊಡನೆ ಬಂದು ಇಳಿಯುತ್ತಾರೆ. ನದಿಯನ್ನು ಸದಾ ಬಲಕ್ಕಿಟ್ಟುಕೊಂಡು, ಒಂದು ದಂಡೆಯಲ್ಲಿ ಹೋಗಿ ಇನ್ನೊಂದು ದಂಡೆಯಲ್ಲಿ ಮರಳುವ ಈ ನಡಿಗೆ ಎರಡೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕದ್ದು; ಸಂಪ್ರದಾಯಬದ್ಧವಾಗಿ ನಡೆಯುವವರಿಗೆ ಮೂರು ವರ್ಷ ಮೂರು ತಿಂಗಳು ಹದಿಮೂರು ದಿನ. ಅವರಿಂದ ಊರು ಹಣ ನಿರೀಕ್ಷಿಸುವುದಿಲ್ಲ. ಬದಲಾಗಿ ಊಟ ಕೊಡುತ್ತದೆ. ಹೊತ್ತೇರಿದಂತೆ ದೋಣಿಯವರು ನದಿಯ ನಡುವಿನ ಬಾಣೇಶ್ವರ ಗುಡಿಗೆ ಕರೆಯತೊಡಗುತ್ತಾರೆ. ಮದುವೆಗೆ ಮುಂಚಿನ ಚಿತ್ರ ತೆಗೆಸಿಕೊಳ್ಳಲು ಇಂದೂರಿನಿಂದ ಬಂದ ಜೋಡಿಗಳು ಕಮಾನಿನ ಕೆಳಗೆ ಸರದಿಗೆ ಕಾಯುತ್ತಾರೆ. ಸಿನಿಮಾದವರಿಗೂ ಈ ಘಟ್ಟ ಅಚ್ಚುಮೆಚ್ಚು. 2018ರ ‘ಪ್ಯಾಡ್‌ಮನ್’ ಇಲ್ಲಿ ತಯಾರಾದ ಚಿತ್ರ. ಚಿತ್ರೀಕರಣ ನಡೆದರೆ ವಸತಿಗೃಹ, ಖಾನಾವಳಿ, ದೋಣಿಗಳಿಗೆ ಸುಗ್ಗಿ. 2025ರ ಜನವರಿಯಲ್ಲಿ ಅಹಲ್ಯೆಯ ಮುನ್ನೂರನೆಯ ಜಯಂತಿಯ ವರ್ಷವೆಂದು ರಾಜ್ಯದ ಸಚಿವಸಂಪುಟವೇ ಇಲ್ಲಿ ಸಭೆ ಸೇರಿ ಹಲವು ಕ್ಷೇತ್ರಗಳಲ್ಲಿ ಪಾನನಿಷೇಧವನ್ನು ನಿರ್ಧರಿಸಿತು. ಏಪ್ರಿಲಿನಿಂದ ಮಹೇಶ್ವರದಲ್ಲೂ ಮದ್ಯದಂಗಡಿ ಇಲ್ಲ. ಕೇರಿಯ ಹೆಂಗಸರಿಗೆ ಇದು ಒಪ್ಪಿಗೆ. ಹೋಟೆಲಿನವರನ್ನು ನಾನು ಕೇಳಲಿಲ್ಲ.

ಮಳೆಗಾಲದಲ್ಲಿ ಈ ಊರಿಗೆ ಯಜಮಾನಿ ನದಿಯೇ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟ ದಿನ ಘಟ್ಟದ ಅಂಗಡಿಗಳವರು ಗಂಟುಕಟ್ಟಿ ಮೆಟ್ಟಲೇರುತ್ತಾರೆ. ಪಕ್ಕದ ಮಂಡಲೇಶ್ವರದ ಬಳಿ 400 ಮೆಗಾವಾಟಿನ ಜಲವಿದ್ಯುತ್ ಯೋಜನೆಯೊಂದು ಮುಳುಗಡೆಯಾಗಲಿದ್ದ ಹಳ್ಳಿಗಳವರ ದೀರ್ಘ ಹೋರಾಟಕ್ಕೆ ಗುರಿಯಾಗಿ, ಗೋಡೆ ಎದ್ದರೂ ವ್ಯವಹಾರ ಕುದುರದೆ, 2020ರಲ್ಲಿ ಸರ್ಕಾರ ವಿದ್ಯುತ್ ಖರೀದಿಯ ಒಪ್ಪಂದವನ್ನೇ ರದ್ದುಮಾಡಿತು. ಆ ಕಾಂಕ್ರೀಟಿನ ಗೋಡೆಯನ್ನೂ, ಎಂದೂ ಆರದ ಹನ್ನೊಂದು ತುಪ್ಪದ ದೀಪಗಳ ರಾಜರಾಜೇಶ್ವರ ಗುಡಿಯನ್ನೂ ಒಂದೇ ದಿನ ನೋಡಿದೆವು.

ಘಟ್ಟದಲ್ಲಿ ಜನ ಹೆಚ್ಚಿದರೆ ಮಗ್ಗಕ್ಕೂ ಲಾಭವಾಗಬೇಕಷ್ಟೆ? ಆಗುತ್ತದೆ, ಆದರೆ ಸುತ್ತುದಾರಿಯಲ್ಲಿ. ಅರ್ಧ ದಿನಕ್ಕೆ ಬಂದುಹೋಗುವ ಪ್ರವಾಸಿ ಪೇಟೆಯ ಮೊದಲ ಅಂಗಡಿಯಲ್ಲೇ ಕೊಳ್ಳುತ್ತಾನೆ, ಅಗ್ಗವಾದುದನ್ನು ಕೇಳುತ್ತಾನೆ, ಅಗ್ಗವಾದುದು ಯಂತ್ರದ್ದಾಗಿರುತ್ತದೆ. ದೋಣಿ ನಡೆಸಿದರೆ ಒಂದು ರಜೆಯ ದಿನದಲ್ಲಿ ಕೈಗೆ ಬರುವ ಹಣವನ್ನು ಕಂಡ ನೇಕಾರರ ಹುಡುಗರು ಮಗ್ಗಕ್ಕೆ ಕೂರಲು ಒಲ್ಲೆನೆನ್ನುತ್ತಾರೆ. ತಂದೆಯರು ಅವರನ್ನು ಬೈಯುವುದೂ ಇಲ್ಲ, ಹುರಿದುಂಬಿಸುವುದೂ ಇಲ್ಲ.

ಕೊಳ್ಳುವ ಸೋದರಿಯರಿಗೆ ಕೇರಿಯಲ್ಲಿ ಕಲಿತ ಒಂದೆರಡು ಗುರುತುಗಳನ್ನು ಹೇಳಿಬಿಡುತ್ತೇನೆ. ಅಂಚನ್ನು ತಿರುಗಿಸಿ ನೋಡಿ; ಹಿಂಬದಿಯಲ್ಲಿ ನೂಲಿನ ತುಂಡುಗಳು ಜೋಲುತ್ತಿದ್ದರೆ ಅನುಮಾನಿಸಿ. ಸೀರೆಯ ಎರಡು ಕರೆಗಳ ಉದ್ದಕ್ಕೂ ಸೂಜಿಮೊನೆಯಷ್ಟು ಸಣ್ಣ ತೂತುಗಳಿವೆಯೇ ನೋಡಿ. ನೇಯುವಾಗ ಬಟ್ಟೆ ಸೆಳೆಯದಂತೆ ಅಡ್ಡಕ್ಕೆ ಚುಚ್ಚಿಡುವ ಕೋಲಿನ ಗುರುತು ಅದು. ಕೈಮಗ್ಗದ ಮುದ್ರೆಯ ಚೀಟಿಯನ್ನೂ ಕೇಳಿ. ಹೊಕ್ಕಿನಲ್ಲಿ ಅಲ್ಲೊಂದು ಇಲ್ಲೊಂದು ದಪ್ಪ ಎಳೆ ಕಂಡರೆ ದೋಷವೆಂದು ಬೆಲೆ ಇಳಿಸಬೇಡಿ.

ನಾವು ಕೊಂಡದ್ದು ಕೊನೆಯ ದಿನ, ಸ್ವಂತ ವ್ಯಾಪಾರ ಹೂಡಿದ್ದ ತರುಣ ನೇಕಾರನೊಬ್ಬನಲ್ಲಿ. ಬೆಳಗಿನ ಎಳೆಬಿಸಿಲಿನಲ್ಲಿ ಸೀರೆಗಳನ್ನು ಘಟ್ಟದ ಮೆಟ್ಟಲುಗಳ ಮೇಲೆ ಹರಡಿ, ಹಿಂದೆ ನದಿ ಕಾಣುವಂತೆ ಮೊಬೈಲಿನಲ್ಲಿ ಚಿತ್ರ ತೆಗೆದು ಗಿರಾಕಿಗಳಿಗೆ ಕಳಿಸುವುದು ಅವನ ಕ್ರಮ. ನಮ್ಮ ಮನೆಯವರು ಪದ್ಧತಿಯಂತೆ ಬೆಲೆಗೆ ಚೌಕಾಸಿ ಆರಂಭಿಸಿದರು. ಆತ ವಾದಿಸಲಿಲ್ಲ, ಪುಸ್ತಕ ತೆರೆದು ರೇಷ್ಮೆಗೆ ಇಷ್ಟು, ಹತ್ತಿಗೆ ಇಷ್ಟು, ಜರಿಗೆ, ಬಣ್ಣಕ್ಕೆ, ನೇಯ್ದ ದಿನಗಳಿಗೆ ಇಷ್ಟೆಂದು ತೋರಿಸಿದ. ತನಗೆಂದು ಉಳಿದ ಅಂಕಿಯ ಮೇಲೆ ಬೆರಳಿಟ್ಟು ಸುಮ್ಮನಾದ. ಚೌಕಾಸಿ ಅಲ್ಲಿಗೆ ನಿಂತಿತು. ಅಂಗೂರಿ ಒಡಲಿಗೆ ಇಟ್ಟಿಗೆಯಂಚಿನ ಸೀರೆ ಒಂದು, ಅತ್ತಿಗೆಗೆಂದು ದಾಳಿಂಬಿಯದೊಂದು.

ನಾವು ಬೆಂಗಳೂರಿನವರೆಂದು ತಿಳಿದ ಮೇಲೆ ಅವನಿಗೆ ಬೇಕಾದದ್ದು ಬೇರೆಯೇ ಇತ್ತು. ಒಂದೆರಡು ಹಾಸಿಗಾಗುವಷ್ಟು ಸ್ವಲ್ಪ ರೇಷ್ಮೆಯನ್ನೂ ನಗದು ದರಕ್ಕೆ, ನಡುವಿನವರಿಲ್ಲದೆ ಕಳಿಸುವ ವ್ಯಾಪಾರಿ ನಮ್ಮೂರಿನಲ್ಲಿ ಸಿಕ್ಕಬಹುದೇ ಎಂದು ಕೇಳಿದ. ಸದ್ಯಕ್ಕೆ ತಾನು ನೂಲು ತರುವುದು ಅಪ್ಪನಿಗೆ ಕೂಲಿ ಕೊಡುತ್ತಿದ್ದ ಅದೇ ಅಂಗಡಿಯಿಂದ ಎಂದ. ವಿಚಾರಿಸಿ ತಿಳಿಸುವುದಾಗಿ ಮಾತು ಕೊಟ್ಟು, ರಸೀತಿಯ ಹಿಂದೆ ಅವನ ವಿಳಾಸವನ್ನು ಬರೆಸಿಕೊಂಡು ಬಂದಿದ್ದೇವೆ. ಇಬ್ಬರನ್ನು ಕೇಳಿಯೂ ಆಯಿತು. ಅಷ್ಟು ಕಡಿಮೆ ತೂಕಕ್ಕೆ ಅವರು ಒಪ್ಪಲಿಲ್ಲ. ಮೂರನೆಯವರು ಬರುವ ವಾರ ಬರಹೇಳಿದ್ದಾರೆ.